ಬೋಜ್ಯಾಕ್ ಮೇಲಿನ ಆಕ್ಷೇಪಗಳಿಗೆ ಉತ್ತರ

'ಬೋಜ್ಯಾಕ್ ಹಾರ್ಸ್‌ಮನ್' ಸರಣಿಯ ಮಾತೆತ್ತಿದರೆ ಮೊದಲು ಎದುರಾಗುವ ಪ್ರಶ್ನೆ, ಕಾರ್ಟೂನಿನಲ್ಲಿ ಕುಡಿತ, ಕಾಮ, ಬೈಗುಳ ಯಾಕೆ ಎಂಬುದು. ಇದರ ಸೃಷ್ಟಿಕರ್ತ ರಫಾಯೆಲ್ ಬಾಬ್-ವಾಕ್ಸ್‌ಬರ್ಗ್ ಇದನ್ನು ಮಕ್ಕಳಿಗಾಗಿ ಮಾಡಲಿಲ್ಲ. 2014ರಿಂದ 2020ರವರೆಗೆ ಆರು ಸೀಸನ್ ಬಿಡುಗಡೆ ಮಾಡಿದ ನೆಟ್‌ಫ್ಲಿಕ್ಸ್ ಕೂಡ ಇದು ದೊಡ್ಡವರಿಗೆಂದೇ ಹೇಳಿತ್ತು. ಮಗುವಿನ ಕೈಗೆ ರಿಮೋಟ್ ಕೊಟ್ಟವರು ಚಿತ್ರ ಬರೆದವರನ್ನು ದೂರಬಾರದು.

ಬಂದೂಕಿನ ಹಿಂಸೆ, ಗರ್ಭಪಾತ, ಲೈಂಗಿಕ ದೌರ್ಜನ್ಯ ಇವೆಲ್ಲ ನಗುವ ವಿಷಯಗಳೇ, ನೊಂದವರಿಗೆ ಇದು ಅವಮಾನವಲ್ಲವೇ ಎನ್ನುವವರ ಮಾತಿಗೆ ತೂಕವಿದೆ. ಆದರೆ ನಗು ಯಾರ ಮೇಲೆ ಬೀಳುತ್ತಿದೆ ಎಂದು ಅವರು ನೋಡಿಲ್ಲ. 2017ರ 'ಥಾಟ್ಸ್ ಆ್ಯಂಡ್ ಪ್ರೇಯರ್ಸ್' ಕಂತನ್ನೇ ತೆಗೆದುಕೊಳ್ಳಿ. ಮಾಲ್ ಒಂದರಲ್ಲಿ ಗುಂಡು ಹಾರಿ ಜನ ಸತ್ತಿದ್ದಾರೆ. ಸಿನಿಮಾ ಮಂದಿಗೆ ಮಾತ್ರ ಬಂದೂಕು ತುಂಬಿದ ತಮ್ಮ ಚಿತ್ರ ಈಗ ಓಡುತ್ತದೋ ಇಲ್ಲವೋ ಎಂಬ ಚಿಂತೆ. ನಡುನಡುವೆ ಮಂತ್ರ ಹೇಳಿದ ಹಾಗೆ ಸಂತಾಪ, ಪ್ರಾರ್ಥನೆ ಅಂದು ಮತ್ತೆ ಲೆಕ್ಕಾಚಾರಕ್ಕೆ ಇಳಿಯುತ್ತಾರೆ. ಮುಂದೆ ಹೆಂಗಸರು ಆತ್ಮರಕ್ಷಣೆಗೆಂದು ಬಂದೂಕು ಹಿಡಿದು ಓಡಾಡತೊಡಗಿದಾಗ ಗಂಡಸರಿಗೆ ನಡುಕ ಹುಟ್ಟುತ್ತದೆ. ಕ್ಯಾಲಿಫೋರ್ನಿಯಾದ ಶಾಸನಸಭೆ ಬಂದೂಕನ್ನೇ ನಿಷೇಧಿಸುತ್ತದೆ! ಅಷ್ಟೊಂದು ಹೆಣ ಬಿದ್ದಾಗ ಅಲುಗದ ಸರ್ಕಾರ ಹೆಂಗಸರ ಮೇಲಿನ ಭಯಕ್ಕೆ ಅಲುಗಿತು. ಇದರಲ್ಲಿ ನೊಂದವರಿಗೆ ಅವಮಾನ ಎಲ್ಲಿದೆ? ಅವರ ಸಿಟ್ಟನ್ನು ಇಷ್ಟು ನೇರವಾಗಿ ಆಡಿ ತೋರಿಸಿದ ಟಿವಿ ಕಥೆಗಳು ಕಡಿಮೆ. ಆ ಸಿಟ್ಟಿಗೆ ಕಾರಣ ಕಥೆಯ ಹೊರಗೂ ಇತ್ತು: ಈ ಕಂತು ಬಂದು ತಿಂಗಳು ತುಂಬುವ ಮೊದಲೇ ಲಾಸ್ ವೇಗಸ್‌ನಲ್ಲಿ ಸಂಗೀತ ಕೇಳಲು ಸೇರಿದ್ದ ಜನರ ಮೇಲೆ ಗುಂಡಿನ ಮಳೆ ಸುರಿಯಿತು.

ಒಂದು ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ಸರಣಿಯ ಪಾತ್ರ ಡಯಾನ್ ನುಯೆನ್ ವಿಯೆಟ್ನಾಂ ಮೂಲದ ಅಮೆರಿಕನ್ ಹೆಣ್ಣು. ಅವಳಿಗೆ ದನಿ ಕೊಟ್ಟ ಆಲಿಸನ್ ಬ್ರೀ ಬಿಳಿಯ ನಟಿ. 2020ರಲ್ಲಿ ಬ್ರೀ ತಾವೇ ಅದಕ್ಕೆ ವಿಷಾದ ಹೇಳಿದರು. ಆ ಆಯ್ಕೆ ತಪ್ಪೇ.

ಇನ್ನು, ಕುಡುಕ ನಟ ಬೋಜ್ಯಾಕ್‌ನ ಬಾಲ್ಯದ ನೋವು ತೋರಿಸಿ ಅವನ ಅಪರಾಧಗಳನ್ನೆಲ್ಲ ಮನ್ನಾ ಮಾಡಿದ್ದಾರೆ ಎಂಬ ಆರೋಪ. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಬೋಜ್ಯಾಕ್ ನಟಿಸಿದ್ದ ಹಳೆಯ ಧಾರಾವಾಹಿಯಲ್ಲಿ ಅವನ ಮಗಳಂತಿದ್ದ ಬಾಲನಟಿ ಸಾರಾ ಲಿನ್, ದೊಡ್ಡವಳಾದ ಮೇಲೆ ಅವನ ಜೊತೆಗೇ ಮಾದಕವಸ್ತುವಿನ ಅಮಲಿನಲ್ಲಿ ಅಲೆದು ಸಾಯುತ್ತಾಳೆ. ಅದು ಮೂರನೇ ಸೀಸನ್. ಸರಣಿ ಅದನ್ನು ಅಲ್ಲಿಗೇ ಬಿಡಲಿಲ್ಲ. ತಾನು ಸಿಕ್ಕಿಬೀಳದಿರಲೆಂದು ಅವನು ಆಂಬುಲೆನ್ಸ್ ಕರೆಯದೆ 17 ನಿಮಿಷ ಕಾದಿದ್ದ, ಆಗಿನ್ನೂ ಅವಳಿಗೆ ಜೀವವಿತ್ತು ಎಂಬುದನ್ನು ಕೊನೆಯ ಸೀಸನ್ ಹೊರಗೆಳೆಯುತ್ತದೆ. ಈ ಸಾವಿನ ಬಗ್ಗೆ ಕೊಟ್ಟ ಮೊದಲ ಸಂದರ್ಶನದಲ್ಲಿ ಪಶ್ಚಾತ್ತಾಪದ ಮಾತಾಡಿ ಚಪ್ಪಾಳೆ ಗಿಟ್ಟಿಸಿದವನು ಎರಡನೆಯ ಸಂದರ್ಶನದಲ್ಲಿ ಎಲ್ಲರೆದುರು ಬಯಲಾಗುತ್ತಾನೆ. ಕೆಲಸ, ಹೆಸರು ಎರಡೂ ಹೋಗುತ್ತವೆ. ಅವನ ತಾಯಿಯ ಕ್ರೌರ್ಯವನ್ನು ನಾವು ಅಷ್ಟು ಹೊತ್ತು ನೋಡಿದ್ದೇವೆ, ಅವನಿಗಾಗಿ ಮರುಗಿದ್ದೇವೆ ಕೂಡ. ಆ ಮರುಕ ಅವನನ್ನು ಈ ಲೆಕ್ಕದಿಂದ ಪಾರುಮಾಡುವುದಿಲ್ಲ. ಇದನ್ನು ಮನ್ನಾ ಎನ್ನುವವರು ದಯವಿಟ್ಟು ಆರನೇ ಸೀಸನ್ ಪೂರ್ತಿ ನೋಡಲಿ.