ಕಾರಿನ ದೀಪ ಮಿಣುಕಿದಾಗ



ಯಲಬುರ್ಗಾದಿಂದ ಗಂಗಾವತಿಗೆ ಮದುವೆಗೆ ಹೊರಟಿದ್ದೀರಿ ಎನ್ನಿ. ಕೊಪ್ಪಳ ದಾಟುತ್ತಲೇ ಕಾರಿನಲ್ಲಿ ಸ್ಟಿಯರಿಂಗ್ ಮುಂದೆ ದೀಪವೊಂದು ಹೊತ್ತಿತು. "ಏನೂ ಆಗಂಗಿಲ್ಲ, ಊರು ಮುಟ್ಟೂಣು" ಅಂತಾರೆ ಯಜಮಾನರು. ಸುಮ್ಮನಿರಬೇಡಿ, ದೀಪದ ಬಣ್ಣ ನೋಡಿ.

ಕೀಲಿ ತಿರುಗಿಸಿದಾಗ ದೀಪಗಳೆಲ್ಲ ಬೆಳಗಿ, ಗಾಡಿ ಚಾಲೂ ಆದ ಮೇಲೆ ಆರುವುದು ಸಹಜ. ಓಡುವಾಗ ಹಳದಿ ದೀಪ ಉಳಿದರೆ ಬೇಗನೆ ಮೆಕ್ಯಾನಿಕ್‌ಗೆ ತೋರಿಸಿ. ಎಂಜಿನ್ ಚಿತ್ರದ ಹಳದಿ ದೀಪ ಮಿಣುಕತೊಡಗಿದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಹಾಗೇ ಓಡಿಸಿದರೆ ಹೊಗೆ ಶುದ್ಧಿ ಮಾಡುವ ಭಾಗ ಕಾದು ಕೆಡುತ್ತದೆ. ವೇಗ ತಗ್ಗಿಸಿ, ಬದಿಗೆ ನಿಲ್ಲಿಸಿ.

ಎಣ್ಣೆಗಿಂಡಿಯ ಕೆಂಪು ದೀಪವಂತೂ ಅಪಾಯದ ಗುರುತು. ಎಣ್ಣೆ ಏರದಿದ್ದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಹಾಳಾದೀತು. ಕೂಡಲೇ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳತೆಕಡ್ಡಿ ತೆಗೆದು ಎಣ್ಣೆ ನೋಡಿ. ಎಣ್ಣೆ ಸಾಕಷ್ಟಿದ್ದೂ ದೀಪ ಆರದಿದ್ದರೆ ಮತ್ತೆ ಚಾಲೂ ಮಾಡದೆ ಮೆಕ್ಯಾನಿಕ್ಕನ್ನೇ ಅಲ್ಲಿಗೆ ಕರೆಸಿ.

ನಮ್ಮ ಕುಷ್ಟಗಿ, ಕೊಪ್ಪಳದ ಬಿಸಿಲಿಗೆ ಕೆಂಪು ಥರ್ಮಾಮೀಟರ್ ದೀಪವೂ ಹೊತ್ತೀತು. ಗಾಡಿ ನಿಲ್ಲಿಸಿ, ಪೂರ್ತಿ ಆರುವವರೆಗೆ ಕಾಯಿರಿ. ಉಗಿ ಇಳಿಯದ ಕುಕ್ಕರಿನ ಮುಚ್ಚಳ ತೆಗೆಯುತ್ತೀರಾ? ರೇಡಿಯೇಟರ್ ಮುಚ್ಚಳವೂ ಹಾಗೆಯೇ!

ಅಕ್ಕಿಕಾಳಿಗೆ ತಡವಾದರೂ ಚಿಂತೆಯಿಲ್ಲ. ಎಲ್ಲರೂ ಸುಖವಾಗಿ ಮುಟ್ಟಿದರೆ ಸಾಕು, ಅಲ್ಲವೇ?