ಆರಿದ ಎಂಜಿನ್, ಬರೆದಿಟ್ಟ ಕ್ರಮ

ಕೆಂಗೇರಿಯಿಂದ ಮೈಸೂರಿನ ದಾರಿ ಹಿಡಿದು ಬಿಡದಿಯತ್ತ ಹೋಗುವಾಗಲೆಲ್ಲ ನನ್ನ ದೃಷ್ಟಿ ಶೇಷಗಿರಿಹಳ್ಳಿಯ ಕಡೆಗೆ ತಾನಾಗಿ ಹೊರಳುತ್ತದೆ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ‘ಸಾರಸ್’ ವಿಮಾನದ ಎರಡನೆಯ ಮಾದರಿ 2009ರ ಮಾರ್ಚ್ 6ರ ಅಪರಾಹ್ನ ಬಿದ್ದುದು ಆ ಊರಿನ ಬಳಿ. ಅದರಲ್ಲಿದ್ದವರು ವಾಯುಪಡೆಯ ಮೂವರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜಾ. ಒಬ್ಬರೂ ಉಳಿಯಲಿಲ್ಲ.

ಕನ್ನಡ ಪಾಠ ಹೇಳಿಕೊಂಡಿರುವವನಿಗೆ ಎಂಜಿನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಈ ದುರಂತದ ತಿರುಳಿರುವುದು ಒಂದು ಬರೆಹದಲ್ಲಿ. ಆದುದರಿಂದಲೇ ಈ ಧೈರ್ಯ.

ಎಂಜಿನಿನ ಶಕ್ತಿ ಕುಂದಿದರೆ ಹೆಲಿಕಾಪ್ಟರು ಕಲ್ಲಿನಂತೆ ಬೀಳಬೇಕಾಗಿಲ್ಲ. ಚಾಲಕನು ತಡಮಾಡದೆ ಅಲಗುಗಳ ಓರೆಯನ್ನು ತಗ್ಗಿಸಿದರೆ ಕೆಳಗಿನಿಂದ ನುಗ್ಗುವ ಗಾಳಿಯೇ ಅವನ್ನು ತಿರುಗಿಸುತ್ತದೆ. ಮಹಾಗನಿಯ ಬೀಜ ಸುತ್ತುತ್ತ ಇಳಿಯುವುದನ್ನು ನೆನೆಯಿರಿ. ಶಿಷ್ಯರಿಗೆ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಸಾರಸ್‌ಗೆ ಇದ್ದುದು ಎರಡು ಎಂಜಿನು. ಅಂದು ಒಂದನ್ನು ಬೇಕೆಂದೇ ಆರಿಸಿ, ಆಕಾಶದಲ್ಲೇ ಪುನಃ ಹೊತ್ತಿಸುವ ಪರೀಕ್ಷೆ. ಎತ್ತರ ಸುಮಾರು 9,000 ಅಡಿ. ಅದು ಸಮುದ್ರಮಟ್ಟದ ಲೆಕ್ಕ. ನಮ್ಮ ಈ ಸೀಮೆಯ ನೆಲವೇ ಎರಡು ಸಾವಿರ ಅಡಿಗೂ ಮೇಲಿದೆ.

ಆರಿದ ಎಂಜಿನಿನ ಅಲಗುಗಳನ್ನು ಗಾಳಿಗೆ ಅಡ್ಡಬಾರದಂತೆ ತಿರುಗಿಸಿಡುವುದು ವಾಡಿಕೆ. ಶಕ್ತಿ ಬರುವ ಮೊದಲೇ ಅವು ಅಡ್ಡ ತಿರುಗಿದರೆ ಒಂದು ಪಕ್ಕದಲ್ಲಿ ಕಡಿವಾಣ, ಇನ್ನೊಂದು ಪಕ್ಕದಲ್ಲಿ ನೂಕು. ವಿಮಾನ ಹತೋಟಿ ತಪ್ಪುತ್ತದೆ. ಹೀಗಿರುವುದರಿಂದ ಯಾವುದು ಮೊದಲು, ಯಾವುದು ಅನಂತರ ಎಂಬುದೇ ಇಲ್ಲಿ ಪ್ರಾಣ. ತನಿಖೆಯ ವರದಿ ಪ್ರಧಾನ ಕಾರಣವೆಂದು ಹೇಳಿದ್ದು, ವಿನ್ಯಾಸಕರು ರೂಪಿಸಿ ಚಾಲಕರು ಅನುಸರಿಸಿದ ಆ ಕ್ರಮವೇ ತಪ್ಪಾಗಿತ್ತು, ಎತ್ತರವೂ ಸಾಲದಾಗಿತ್ತು ಎಂದು. ಅಲಗುಗಳನ್ನು ತಯಾರಿಸಿದವರನ್ನು ಕೇಳದೆಯೇ ಕ್ರಮವನ್ನು ಬರೆಯಲಾಗಿತ್ತೆಂದೂ ಅದು ಎತ್ತಿ ತೋರಿಸಿತು. ಮೊದಲ ಯತ್ನ ವಿಫಲವಾದೊಡನೆ ಹಾರಾಟವನ್ನು ನಿಲ್ಲಿಸಲಿಲ್ಲ, ಚಾಲಕರಲ್ಲಿ ಪರಸ್ಪರ ಹೊಂದಾಣಿಕೆ ಸಾಲದು ಎಂಬ ಮಾತುಗಳೂ ಅದರಲ್ಲಿವೆ.

ಈ ಎರಡು ಬಗೆಯ ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪದು. ಮೇಲಿದ್ದವರಿಗೆ ದೊರೆತದ್ದು ಕ್ಷಣಗಳು. ಬರೆದವರಿಗೆ ಮೇಜಿತ್ತು, ದಿನಗಳಿದ್ದುವು, ಕೇಳಲು ಜನರಿದ್ದರು. ನಾನು ಪ್ರಶ್ನಪತ್ರಿಕೆಯಲ್ಲಿ ಒಂದು ಸಾಲು ತಪ್ಪಿ ಬರೆದರೆ ಹುಡುಗರು ಮೂರು ಗಂಟೆ ಬೇಯುತ್ತಾರೆ, ಅಷ್ಟೆ. ಅದನ್ನೂ ಇನ್ನೊಬ್ಬರು ಪರಿಶೀಲಿಸದೆ ಅಚ್ಚಿಗೆ ಕಳಿಸುವುದಿಲ್ಲ.

ತಿದ್ದುಪಡಿಗಳೊಡನೆ ಸಾರಸ್ 2018ರ ಜನವರಿ 24ರಂದು ಬೆಂಗಳೂರಿನಿಂದ ಮತ್ತೆ ಹಾರಿತು. 19 ಆಸನಗಳ ಇನ್ನೊಂದು ರೂಪವನ್ನೂ ಯೋಜಿಸಿದ್ದಾರೆ. ಅದಕ್ಕೂ ಈ ಪರೀಕ್ಷೆ ತಪ್ಪಿದ್ದಲ್ಲ; ಯಾರಾದರೂ ಮೇಲೇರಿ ಎಂಜಿನನ್ನು ಆರಿಸಿ ಹೊತ್ತಿಸಲೇಬೇಕು. ಅವರ ಕೈಗೆ ಕೊಡುವ ಹಾಳೆಯನ್ನು ಅಲಗು ಮಾಡಿದವರು ಮೊದಲು ಓದಿರಲಿ.