ನಮ್ಮ ಮನೆಯ ಜಲ್ಲಿ, ಅವರ ಊರಿನ ಬಂಡೆ

ಬೆಳಿಗ್ಗೆ ಬೆಂಗಳೂರಿನ ನಮ್ಮ ಪುಟ್ಟೇನಹಳ್ಳಿ ಕೆರೆಯ ದಡದಲ್ಲಿ ನಡೆಯುವಾಗ ಕತ್ತೆತ್ತಿದರೆ ಕಾಣುವುದು ಅಪಾರ್ಟ್‌ಮೆಂಟುಗಳೇ. ಅಷ್ಟೂ ಗೋಡೆಗೆ, ತಾರಸಿಗೆ ಜಲ್ಲಿ ಬೇಕಾಗಿತ್ತು. ಹೊಳೆ ಮರಳು ಸಿಗದಾದ ಮೇಲೆ ಎಂ-ಸ್ಯಾಂಡ್ ಬಂತು. ಅದೂ ಪುಡಿಯಾದ ಬಂಡೆಯೇ. ಲಾಲ್‌ಬಾಗಿನ ಸುಮಾರು 300 ಕೋಟಿ ವರ್ಷದ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿಕೊಂಡಿದ್ದೇವೆ. ಅಂಥದೇ ಬಂಡೆ ಹಳ್ಳಿಯ ಗೋಮಾಳದಲ್ಲಿದ್ದರೆ ಅದು ಕ್ವಾರಿ.

ನಮ್ಮ ಕೆರೆ ಹಾಳುಬಿದ್ದಿದ್ದಾಗ ಇಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿ, ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಅದನ್ನು ಉಳಿಸಿಕೊಂಡರು. ಕ್ವಾರಿ ಬರಲಿರುವ ಊರಿನವರಿಗೆ ಅಷ್ಟು ಮಾತಾಡುವ ಜಾಗವೂ ಇಲ್ಲ.

ಕಾನೂನಿನಲ್ಲೇ ಇರುವ ಕಂಡಿ ಇದು. 2012ರಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕೆಂದಿತು. ಆದರೆ ಅಂಥ ಗಣಿ ಒಂಟಿಯಾಗಿದ್ದರೆ ಸಾರ್ವಜನಿಕ ಅಹವಾಲು ಸಭೆ ಕರೆಯಬೇಕಿಲ್ಲ. ಐದು ಹೆಕ್ಟೇರ್ ಅಂದರೆ ಹನ್ನೆರಡು ಎಕರೆ ಚಿಲ್ಲರೆ. ಹನ್ನೆರಡು ಎಕರೆ ಬಂಡೆ ಸಿಡಿಸಿದರೆ ಏನಾಗುತ್ತದೆಂದು ಊರಿನವರನ್ನು ಕೇಳಿ: ಗೋಡೆ ಬಿರುಕು ಬಿಡುತ್ತದೆ, ಹಿಪ್ಪುನೇರಳೆ ಸೊಪ್ಪಿನ ಮೇಲೆ ದೂಳು ಕೂತು ಹುಳು ಮೇಯುವುದಿಲ್ಲ, ಟಿಪ್ಪರ್ ಓಡಾಡುವ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಲು ಭಯ. ಇದನ್ನೆಲ್ಲ ಅವರು ಯಾರ ಮುಂದೆ ಹೇಳಬೇಕು? ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಡುವ ಹೊತ್ತಿಗೆ ಕಡತ ಅರ್ಧ ದಾರಿ ದಾಟಿರುತ್ತದೆ.

ನಮ್ಮ ಬನ್ನೇರುಘಟ್ಟ ರಸ್ತೆಯ ಕೊನೆಯಲ್ಲಿರುವ ಕಾಡಿನ ಕತೆಯನ್ನೇ ನೋಡಿ. ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯದೊಳಗೆ ಕಲ್ಲು ಗಣಿಗಾರಿಕೆಗೂ ಕ್ರಷರಿಗೂ ನಿಷೇಧವಿದೆ. 2016ರ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರ್ ಇದ್ದ ಆ ವಲಯ, 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಪರಿಸರವಾದಿಗಳೂ ನಾಗರಿಕರೂ ಬರೆದರು, ಬೀದಿಗಿಳಿದರು. ಆದರೂ ಸುಮಾರು ನೂರು ಚದರ ಕಿಲೋಮೀಟರಿನ ರಕ್ಷಣೆ ಕಳಚಿಹೋಯಿತು. ಆನೆಗಳು ಓಡಾಡುವ ಕಾಡಂಚು ಅದು. ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಊರಿನವರ ಆತಂಕವನ್ನು ಅಭಿವೃದ್ಧಿ ವಿರೋಧ ಅನ್ನುವವರು 2021ರ ಆರಂಭವನ್ನು ನೆನಪಿಸಿಕೊಳ್ಳಲಿ. ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ಸಿಡಿದು ಆರು ಜನ ಸತ್ತರು. ಅದರ ಸದ್ದಿಗೆ ಭೂಕಂಪವೆಂದು ಜನ ಮನೆಯಿಂದ ಹೊರಗೋಡಿದರು. ಫೆಬ್ರವರಿ 23ಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಇನ್ನೂ ಆರು ಜನ.

ತಕರಾರು ತೆಗೆದವರ ಮಾತು ನಿಂತದ್ದೂ ಉಂಟು. ಬೇಬಿ ಬೆಟ್ಟದ ಗಣಿಗಾರಿಕೆಯಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವೆಂದು ಮಂಡ್ಯದ ರೈತರು ವರ್ಷಗಟ್ಟಲೆ ಪಟ್ಟು ಹಿಡಿದರು, ಪ್ರಾಯೋಗಿಕ ಸ್ಫೋಟಕ್ಕೂ ಬಿಡಲಿಲ್ಲ. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ, ಸ್ಫೋಟ ನಿಲ್ಲಿಸಲು ಆದೇಶಿಸಿತು. ಅಲ್ಲಿ ಇಡೀ ರಾಜ್ಯದ ಅಣೆಕಟ್ಟಿತ್ತು. ಮೂವತ್ತು ಮನೆಯ ಊರಿಗೆ ಹೆದರಿಕೆಯಾದಾಗ ಹೈಕೋರ್ಟಿನ ತನಕ ಹೋಗುವವರು ಯಾರು?

ಕ್ವಾರಿ ಎಷ್ಟೇ ಚಿಕ್ಕದಿರಲಿ, ಗುತ್ತಿಗೆ ಕೊಡುವ ಮೊದಲು ಆ ಊರಿನಲ್ಲೇ, ಕನ್ನಡದಲ್ಲಿ, ಅಹವಾಲು ಸಭೆ ನಡೆಯಬೇಕು. ಹೆಂಗಸರು ಬರಬಹುದಾದ ಹೊತ್ತಿನಲ್ಲಿ ನಡೆಯಬೇಕು. ಪುಟ್ಟೇನಹಳ್ಳಿಯ ನಾವು ಇದನ್ನು ಅವರ ಜೊತೆ ನಿಂತು ಕೇಳಬೇಕು. ಮನೆ ಕೊಳ್ಳುವಾಗ ನೀರು, ಪಾರ್ಕಿಂಗ್ ವಿಚಾರಿಸುತ್ತೇವಲ್ಲ, ಈ ಕಟ್ಟಡದ ಜಲ್ಲಿ ಯಾವ ಊರಿನಿಂದ ಬಂತೆಂದು ಬಿಲ್ಡರನ್ನು ಅದೇ ಉಸಿರಿನಲ್ಲಿ ಕೇಳೋಣ.